ಎರಡು ಸಲ ಮಿಟುಕಿಸಿದ ಕಣ್ಣು

ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಕುಚ್ಚು ಹಾಕುವ ಜಬೀನ್ ಹದಿನೆಂಟು ವರ್ಷದಲ್ಲಿ ಒಬ್ಬರ ಸೀರೆಯನ್ನೂ ಕೆಡಿಸಿದವಳಲ್ಲ. ಒಂದು ಗಂಟು ತಪ್ಪಿದರೂ ಬಿಚ್ಚಿ ಮತ್ತೆ ಹಾಕುವ ಹೆಂಗಸು. ಅಂಥವಳು, ಯಾರೋ ಟೈ ಕಟ್ಟಿದವನು ಬಂದು ಮೊಬೈಲು ಹಿಡಿದು, "ಮಹಿಳಾ ಉಳಿತಾಯ ಯೋಜನೆ, ಎರಡು ಸಲ ಕಣ್ಣು ಮಿಟುಕಿಸಿ, ಐನೂರು ರೂಪಾಯಿ ತಗೊಳ್ಳಿ" ಎಂದಾಗ ಮಿಟುಕಿಸಿಬಿಟ್ಟಳು. ಆಧಾರ್ ಕಾರ್ಡನ್ನೂ ಕೊಟ್ಟಳು. ಸಾಲದ್ದಕ್ಕೆ ಎದುರು ಮನೆಯ ನಾರಾಯಣಮ್ಮನನ್ನೂ ಕೂಗಿದಳು.

"ಬನ್ನಿ ಅಕ್ಕಾ, ಪುಕ್ಕಟೆ ದುಡ್ಡು ಕೊಡ್ತಾರೆ!"

ಪುಕ್ಕಟೆಯಂತೆ! ಈ ಊರಲ್ಲಿ ಕುಡಿಯುವ ನೀರೂ ಪುಕ್ಕಟೆ ಸಿಗುವುದಿಲ್ಲ. ಅದು ಆಗ ಇಬ್ಬರಿಗೂ ಹೊಳೆಯಲಿಲ್ಲ; ನಾರಾಯಣಮ್ಮನೂ ಕಾರ್ಡು ತಂದು ಕಣ್ಣು ಮಿಟುಕಿಸಿದಳು.

ಮೂರು ತಿಂಗಳಾದ ಮೇಲೆ ಪೊಲೀಸ್ ಠಾಣೆಯಿಂದ ಜಬೀನಳಿಗೆ ಕರೆ ಬಂತು. "ಒಬ್ಳೇ ಯಾಕ್ ಓಗ್ತೀಯ, ನಾನಿಲ್ವಾ?" ಎಂದು ನಾರಾಯಣಮ್ಮ ತಾನಾಗಿಯೇ ಜೊತೆಗೆ ಬಂದು, ಅವಳ ಚೀಲ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತಳು.

ಒಳಗೆ ಸಬ್ ಇನ್‌ಸ್ಪೆಕ್ಟರ್ ಭಾಗ್ಯಶ್ರೀ ಕಂಪ್ಯೂಟರ್ ಪರದೆ ತಿರುಗಿಸಿದರು. ಅದರಲ್ಲಿ ಜಬೀನಳದೇ ಮುಖ, ಕಣ್ಣು ಅರ್ಧ ಮುಚ್ಚಿತ್ತು.

"ನಿಮ್ಮ ಹೆಸರಲ್ಲಿ ಕ್ರಿಪ್ಟೋ ಖಾತೆ ಇದೆ ಕಣ್ರೀ. ಈ ಕಣ್ಣು ಮಿಟುಕಿಸಿದ ಮುಖ ತೋರಿಸೇ ತೆರೆದಿದ್ದಾರೆ. ಸಂಜಯನಗರದಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರನ್ನ ಹೆದರಿಸಿ ಕಿತ್ಕೊಂಡ ದುಡ್ಡು ಇಲ್ಲಿಗ್ ಬಂದು, ಕಾಯಿನ್ ಆಗಿ, ಹೊರದೇಶಕ್ಕೆ ಹೋಗಿದೆ."

"ಕಾಯಿನ್ ಅಂದ್ರೆ ಚಿಲ್ಲರೆನಾ ಮೇಡಂ? ನಾನು ಕಣ್ಣಲ್ಲೂ ನೋಡಿಲ್ಲ."

"ಚಿಲ್ಲರೆ ಅಲ್ಲ, ಕಂಪ್ಯೂಟರಲ್ಲಷ್ಟೇ ಇರೋ ದುಡ್ಡು. ಯಾರೂ ನೋಡಿರಲ್ಲ. ಕಳ್ರಿಗೆ ಅದೇ ಅನುಕೂಲ." ಭಾಗ್ಯಶ್ರೀ ಪೆನ್ನು ಎತ್ತಿಕೊಂಡರು. "ನಿಮ್ಮ ಜೊತೆ ಇನ್ಯಾರು ಕಣ್ಣು ಮಿಟುಕಿಸಿದ್ರು? ಈಗ್ಲೇ ಹೇಳಿದ್ರೆ ಅವರ ಖಾತೆ ನಿಲ್ಲಿಸ್ಬಹುದು. ದುಡ್ಡು ಓಡಾಡಿದ ಮೇಲೆ ಸಿಕ್ಕಿದ್ರೆ ಅವರೂ ಆರೋಪಿನೇ."

ಜಬೀನ್ ಬಾಗಿಲ ಕಡೆ ನೋಡಿದಳು. ಹೇಳಿದರೆ ನಾರಾಯಣಮ್ಮ ಇದೇ ಕುರ್ಚಿಯಲ್ಲಿ ಕೂರಬೇಕು. ಹೇಳದಿದ್ದರೆ ಅವಳ ಹೆಸರಿನಲ್ಲಿ ಇನ್ಯಾರ ಮನೆ ಹಾಳಾಗುತ್ತದೋ! ತಾನು ಕೂಗದಿದ್ದರೆ ಆ ಹೆಂಗಸು ಅವತ್ತು ಸೊಪ್ಪು ಬಿಡಿಸುತ್ತಾ ಮನೆಯಲ್ಲೇ ಇರುತ್ತಿದ್ದಳು. ಗೋಡೆಯಾಚೆ ನಾರಾಯಣಮ್ಮ ಕೆಮ್ಮಿದ್ದು ಕೇಳಿಸಿತು.

"ಒಂದ್ನಿಮಿಷ ಮೇಡಂ" ಎಂದು ಜಬೀನ್ ಎದ್ದು ಬಾಗಿಲಿಗೆ ಬಂದಳು.

"ಮುಗೀತಾ?" ನಾರಾಯಣಮ್ಮ ಚೀಲ ಹೆಗಲಿಗೇರಿಸಿ ಎದ್ದೇಬಿಟ್ಟಳು. "ನಾನ್ ಏಳ್ಲಿಲ್ವಾ, ಏನೂ ಆಗಕಿಲ್ಲ ಅಂತ? ನಡಿ, ಮನೆಗ್ ಓಗಾನ."

"ಅಕ್ಕಾ, ಒಳಗೆ ಬನ್ನಿ. ಅವತ್ತು ನಿಮ್ಮನ್ನ ಕರೆದವಳು ನಾನೇ ಅಂತ ಮೊದ್ಲು ನಾನ್ ಹೇಳ್ತೀನಿ" ಎಂದು ಜಬೀನ್ ಅವಳ ಹೆಗಲಿನಿಂದ ತನ್ನ ಚೀಲವನ್ನು ತೆಗೆದುಕೊಂಡಳು.