ತೋಳಿನ ಮೇಲಿನ ಹೆಸರು

ಶಹಾಪುರದ ಅಂಬ್ರಪ್ಪನಿಗೆ ಅಕ್ಷರದ ಹುಚ್ಚು. ಬಸ್ ನಿಲ್ದಾಣದ ಹಿಂದಿನ ಅವನ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಮದುವೆ ಕಾರ್ಡು, ಪ್ರಶ್ನೆಪತ್ರಿಕೆ, ಶ್ರದ್ಧಾಂಜಲಿ ಫ್ಲೆಕ್ಸು ಎಲ್ಲವೂ ಒಂದೇ ಹಳೆಯ ಕನ್ನಡ ಫಾಂಟಿನಲ್ಲಿ ಮೈತುಂಬಿಕೊಂಡು ಬರುತ್ತಿದ್ದವು. ಮೊಬೈಲಿನ ಕನ್ನಡ ಅವನ ಕಣ್ಣಿಗೆ ಬೋಳು ಬೋಳು. ಅದರಲ್ಲೇ ಮಾಡಿಕೊಡು ಎಂದವರಿಗೆ, ಅಂಥ ಕಾರ್ಡು ಕೊಟ್ಟರೆ ಬೀಗರು ಊಟಕ್ಕೂ ಕೂಡುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಅಣ್ಣ ಮರಿಲಿಂಗಪ್ಪನಿಗೆ ಹುಟ್ಟಿನಿಂದ ಮಾತಿಲ್ಲ, ಓದುಬರಹವೂ ಇಲ್ಲ. ಏಳು ವರ್ಷದವನಿದ್ದಾಗ ತಾಯಿ ಹಣಮಮ್ಮ ಹರಕೆ ತೀರಿಸಲು ತಿಂಥಣಿ ಜಾತ್ರೆಗೆ ಕರೆದೊಯ್ದಿದ್ದಳು. ಮಗ ಎಲ್ಲಾದರೂ ತಪ್ಪಿಸಿಕೊಂಡರೆ ಪುಣ್ಯಾತ್ಮರು ಯಾರಾದರೂ ಮನೆಗೆ ಮುಟ್ಟಿಸಲಿ ಎಂದು ಅಲ್ಲಿ ಬಲತೋಳಿಗೆ ಹೆಸರು, ಊರು ಹಚ್ಚೆ ಹಾಕಿಸಿದಳು: ಮರಿಲಿಂಗಪ್ಪ, ಶಿರವಾಳ.

ಕಾಲುವೆಯಲ್ಲಿ ನೀರಿದ್ದಷ್ಟು ದಿನ ಅವನು ಊರಿನ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದ. ಆ ವರ್ಷ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಓಣಿಯವರ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟವನು ಸೊಲ್ಲಾಪುರ ಸ್ಟೇಷನ್ನಿನಲ್ಲಿ ನೀರು ಹಿಡಿಯಲು ಇಳಿದ. ಅಷ್ಟರಲ್ಲಿ ರೈಲು ಹೊರಟುಹೋಯಿತು.

ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಸೊಲ್ಲಾಪುರ ಸುತ್ತಿ ಹ್ಯಾಂಡ್‌ಬಿಲ್ ಹಂಚಿದ್ದಾಯಿತು. ಕೊನೆಗೆ ಅಂಬ್ರಪ್ಪ ಅಣ್ಣನಿಗಾಗಿ ಒಂದು ವೆಬ್‌ಸೈಟು ಮಾಡಿದ. ಅಣ್ಣ ಸಿಕ್ಕವರು ತೋಳಿನ ಹೆಸರನ್ನು ಗೂಗಲ್‌ನಲ್ಲಿ ಹೊಡೆಯುತ್ತಾರೆ, ಪುಟ ಸಿಗುತ್ತದೆ, ಫೋನು ಬರುತ್ತದೆ ಎಂದು ಅವನ ಎಣಿಕೆ. ಹ್ಯಾಂಡ್‌ಬಿಲ್ಲಿನ ಬರಹವನ್ನೇ ಮುಖಪುಟಕ್ಕೆ ತುಂಬಿ, ಎಲ್ಲರಿಗೂ ಚೆಂದ ಕಾಣಲಿ ಎಂದು ತನ್ನ ಫಾಂಟನ್ನೂ ಜೋಡಿಸಿದ. ಲಿಂಕನ್ನು ಗೊತ್ತಿದ್ದವರಿಗೆಲ್ಲ ಕಳಿಸಿದ. ತಾನೂ ದಿನಾ ಅದೇ ಲಿಂಕು ಒತ್ತಿ ನೋಡಿದ. ಹೆಸರು ಹೊಡೆದು ಒಂದು ಸಲವಾದರೂ ಹುಡುಕಲಿಲ್ಲ. ತನ್ನ ಅಕ್ಷರದ ಮೇಲೆ ಅಷ್ಟು ನಂಬಿಕೆ. ಇಂಥವನಿಗೆ ಏನು ಹೇಳುವುದು?

ವೆಬ್‌ಸೈಟು ಮಾಡಿ ಒಂಬತ್ತು ತಿಂಗಳಾದ ಮೇಲೆ, ಪ್ರಶ್ನೆಪತ್ರಿಕೆ ಮಾಡಿಸಲು ಬಂದ ಶಿಕ್ಷಕಿ ಖುರ್ಷೀದಬೇಗಂ ಸುದ್ದಿ ಕೇಳಿ, ತನ್ನ ಫೋನಿನಲ್ಲಿ ಮರಿಲಿಂಗಪ್ಪನ ಹೆಸರು ಹೊಡೆದಳು. ಪುಟ ಸಿಗಲಿಲ್ಲ. ವೆಬ್‌ಸೈಟಿನ ವಿಳಾಸ ಹೊಡೆದಾಗ ಸಿಕ್ಕಿತು. ಆದರೆ ಗೂಗಲ್ ತೋರಿಸಿದ ಆ ಲಿಂಕಿನ ಕೆಳಗೆ ಕನ್ನಡವೇ ಇಲ್ಲ, ಇಂಗ್ಲಿಷಿನಂಥ ಅರ್ಥವಿಲ್ಲದ ಗುರುತುಗಳ ರಾಶಿ.

"ಇದು ಕಣ್ಣಿಗಷ್ಟ ಕನ್ನಡ ಐತ್ರಿ ಅಂಬ್ರಪ್ಪ," ಅಂದಳು. "ಹಳೇ ಫಾಂಟಿನೊಳಗ ಇರೋದು ಬ್ಯಾರೆ ಗುರ್ತಾ. ಗೂಗಲ್ ಓದೋದು ಆ ಒಳಗಿಂದು."

ಅಂಬ್ರಪ್ಪ ಅವತ್ತೇ ಕೂತು ಇಡೀ ಪುಟವನ್ನು ಮೊಬೈಲಿನ ಬೋಳು ಕನ್ನಡದಲ್ಲಿ ಮತ್ತೆ ಟೈಪು ಮಾಡಿದ. ಪುಟವನ್ನು ಹೊಸದಾಗಿ ಓದಿಕೊಳ್ಳುವಂತೆ ಗೂಗಲ್‌ಗೆ ಕೋರಿಕೆ ಕಳಿಸಿದ. ಹನ್ನೊಂದನೆಯ ದಿನ ಹೆಸರು ಹೊಡೆದರೆ ಎಲ್ಲಕ್ಕೂ ಮೇಲೆ ಅಣ್ಣನೇ ಕಂಡ. ಅಂಬ್ರಪ್ಪ ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತ.

ಮರುವಾರ ಸೊಲ್ಲಾಪುರದ ಹತ್ತಿರದ ಅನಾಥಾಶ್ರಮದಿಂದ ಫೋನು ಬಂತು. ಕನ್ನಡ ಬಲ್ಲ ನರ್ಸು. ಮರಿಲಿಂಗಪ್ಪ ಏಳು ತಿಂಗಳು ಅಲ್ಲೇ ಇದ್ದ. ಕಫ ಕಟ್ಟಿ, ಜ್ವರ ಏರಿ, ಹೋದ ತಿಂಗಳು ತೀರಿಕೊಂಡ. ಮಣ್ಣೂ ಅವರೇ ಮಾಡಿದ್ದರು.

"ಬಂದ ದಿನಾನ ತೋಳಿನ ಹೆಸರ ಹೊಡದು ನೋಡಿದ್ವಿರಿ, ಏನೂ ಬರಲಿಲ್ಲ," ಅಂದಳು. "ಸಾತಾರದ ಕಡಿ ಒಂದು ಶಿರವಾಳ ಐತಿ, ಅಲ್ಲೂ ಕೇಳಿಸಿದ್ವಿ. ಇವತ್ತು ಅವರ ಕಾಗದ ಮುಚ್ಚಿಡೋ ಮುಂದ ಇನ್ನೊಮ್ಮಿ ಹೊಡದ್ನಿರಿ. ಸಿಕ್ಕಿತು."

ಶಿರವಾಳಕ್ಕೆ ಹೋಗಿ ಅಂಬ್ರಪ್ಪ ತಾಯಿಗೆ ಏನನ್ನೂ ಮುಚ್ಚಿಡಲಿಲ್ಲ, ತಪ್ಪು ತನ್ನದೆಂಬುದನ್ನೂ. ಹಣಮಮ್ಮ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಮರಿಲಿಂಗನ ತೋರಿಸು ಎಂದು ಫೋನಿಗೆ ಕೈ ಚಾಚಿದಳು. ಅವನು ಹೆಸರು ಹೊಡೆದ. ಪಟ ಬಂತು, ಕೆಳಗೆ, "ಮಾತು ಬರುವುದಿಲ್ಲ. ಕಂಡವರು ದಯವಿಟ್ಟು ತಿಳಿಸಿ." ಇನ್ನು ಇದನ್ನು ತೆಗೆದುಹಾಕಬೇಕು ಎಂದು ಅವನು ಗೊಣಗಿದ.

"ತಗೀಬ್ಯಾಡೋ," ಅಂದಳು ಹಣಮಮ್ಮ. "ಈಗರ ಕಾಣಾಕತ್ಯಾನ."

ಈಗಲೂ ಅಂಬ್ರಪ್ಪ ಅಂಗಡಿ ತೆರೆದು ಮೊದಲು ಹೊಡೆಯುವುದು ಆ ಹೆಸರನ್ನೇ.