ಮಾಯಾ ಉಂಗುರದ ಬೆಲೆ

ನನ್ನ ಗೆಳೆಯ ಬಸವರಾಜ ಒಂದು ಉಂಗುರ ಕೊಂಡ. ತೊಟ್ಟುಕೊಂಡರೆ ಎಂಥ ಕತ್ತಲಲ್ಲೂ ದಾರಿ ತಪ್ಪದಂಥ ಉಂಗುರ.

ಗಾಬರಿಯಾಗಬೇಡಿ. ಆಟದಲ್ಲಿ ಕೊಂಡದ್ದು.

ಭಾನುವಾರ ಮಧ್ಯಾಹ್ನ ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾವು ಮೂವರು ಆಡುವ ಆಟ ಇದು. ರಾಘು ಹಲ್ಲಿನ ಡಾಕ್ಟರು, ಕಥೆ ಹೇಳುವವನು ಅವನು. ಬಸವರಾಜ ಸಂಡೂರಿನ ಗಣಿಯಲ್ಲಿ ಸರ್ವೇಯರ್. ಕಥೆಯೊಳಗೆ ಕತ್ತಿ ಹಿಡಿದ ವೀರ. ಕಾಲೇಜಿನಲ್ಲಿ ಅಕೌಂಟ್ಸ್ ಕಲಿಸುವ ನಾನು ಮಂತ್ರಗಾತಿ (ನಗಬೇಡಿ). ಏನು ಮಾಡುತ್ತೇವೆ ಅಂತ ನಾವು ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ವಯಸ್ಸು? ನಲವತ್ತು ದಾಟಿದವರೇ ಎಲ್ಲ.

ಈ ಆಟದಲ್ಲಿ ನಮ್ಮ ದೊಡ್ಡ ಜಗಳ ಮಾಯಾ ಸಾಮಾನುಗಳ ರೇಟಿನದು. ರೂಲ್ ಬುಕ್ಕಿನಲ್ಲಿ ಎಲ್ಲಕ್ಕೂ ಚಿನ್ನದ ನಾಣ್ಯದಲ್ಲಿ ಬೆಲೆ ಕಟ್ಟಿದ್ದಾರೆ. ಗಾಯ ಮಾಯಿಸುವ ಔಷಧಿಗೆ ಇಷ್ಟು, ಹಾರುವ ಚಾಪೆಗೆ ಇಷ್ಟು. ಆದರೆ ಕಥೆಯಲ್ಲಿ ಒಂದೆರಡು ಗುಹೆ ಲೂಟಿ ಮಾಡಿದರೆ ಸಾಕು, ಮೂಟೆಗಟ್ಟಲೆ ಚಿನ್ನ. ಬಸವರಾಜನ ವೀರ ಸಂತೆಗೆ ಹೋದ ಹಾಗೆ ಹೋಗಿ ಕಂಡದ್ದೆಲ್ಲ ಕೊಂಡುಬಿಡುತ್ತಿದ್ದ. ಮಾಯೆ ಅಂದರೆ ಕೊತ್ತಂಬರಿ ಸೊಪ್ಪೇ? ಹಾಗಾದರೆ ಆಟದಲ್ಲಿ ಏನು ಮಜಾ ಉಳೀತು?

ರಾಘು ಹೊಸ ನಿಯಮ ತಂದ. "ಇನ್ಮ್ಯಾಲ ಮಾಯಾ ಸಾಮಾನಿಗೆ ಚಿನ್ನ ನಡ್ಯಂಗಿಲ್ಲ. ಕೊಟ್ರ ನಿಮಗ ಏನರ ಕಳಕೊಂಡಂಗ ಆಗಬೇಕು, ಅಂಥಾ ನಿಮ್ಮ ಸ್ವಂತದ್ದು ಕೊಡ್ರಿ."

ಅವತ್ತಿನ ಕಥೆಯಲ್ಲಿ ಒಂದು ಹಾಳು ಪೇಟೆ. ಉದ್ದಕ್ಕೂ ಕಲ್ಲಿನ ಕಂಬಸಾಲು, ಮನುಷ್ಯರಿಲ್ಲ. (ಹಂಪಿಯ ಮಗ್ಗುಲಲ್ಲೇ ಇರುವ ನಮಗೆ ಇದನ್ನು ಊಹಿಸುವುದು ಕಷ್ಟವೇ?) ಒಂದೇ ಒಂದು ಅಂಗಡಿಯಲ್ಲಿ ಒಬ್ಬ ಮುದುಕ ಉಂಗುರ ಇಟ್ಟುಕೊಂಡು ಕೂತಿದ್ದಾನೆ. ಮುದುಕನ ಮಾತನ್ನೂ ರಾಘುನೇ ಆಡಬೇಕು.

"ಏನು ಕೊಡ್ತೀ?"

ಬಸವರಾಜ ಯೋಚಿಸಲೇ ಇಲ್ಲ. "ನಮ್ಮವ್ವ ನನ್ನ ಸಣ್ಣಂದಿನಿಂದ ಒಂದು ಹೆಸರಿಲೆ ಕರೀತಾಳ. ಅದನ್ನ ತಗೋ" ಅಂದು ಆ ಹೆಸರನ್ನು ಜೋರಾಗಿ ಹೇಳಿದ. ಆ ಮೀಸೆಗೆ ಆ ಹೆಸರು! ನಾವು ಬಿದ್ದು ಬಿದ್ದು ನಕ್ಕೆವು.

"ಆತು, ವ್ಯಾಪಾರ ಮುಗೀತು" ಅಂದ ಮುದುಕ. ಅಂದರೆ ರಾಘು.

ಎರಡು ಮೂರು ದಿನ ಬಿಟ್ಟು ಬಸವರಾಜನ ಫೋನು ಬಂತು.

"ಅಕ್ಕಾ, ಅವತ್ತು ನಾ ಒಂದು ಹೆಸರು ಹೇಳಿದ್ನೆಲ್ರಿ, ಏನದು?"

"ನಿನ್ನ ಹೆಸರು ನನ್ನ ಕೇಳ್ತೀಯಲ್ಲೋ!"

"ನೆನಪಾಗವಲ್ದ್ರಿ. ಅವ್ವಗ ಫೋನ್ ಹಚ್ಚಿದ್ದೆ. 'ಬಸವರಾಜ, ಊಟ ಆತಾ?' ಅಂದ್ಲು. ಜನ್ಮದಾಗ ಆಕಿ ನನ್ನ ಹಂಗ ಕರದಾಕಿ ಅಲ್ಲ. ಕೇಳಿದ್ರ, ನಿನಗ ಬ್ಯಾರೆ ಹೆಸರು ಎಲ್ಲೈತೋ ಅಂತಾಳ."

ನಾನು ನಗುತ್ತಲೇ ನೆನಪು ಮಾಡಿಕೊಳ್ಳಲು ಹೋದೆ. ನಕ್ಕಿದ್ದು ನೆನಪಿತ್ತು. ಪಕ್ಕೆ ನೋಯುವಷ್ಟು ನಕ್ಕಿದ್ದೆ. ಯಾವ ಹೆಸರಿಗೆ ನಕ್ಕೆ ಅನ್ನುವುದು ಮಾತ್ರ ಇರಲಿಲ್ಲ. ರಾಘುಗೂ ಇರಲಿಲ್ಲ.

ಸಮಾಧಾನ ಹುಡುಕಿದೆವು. ವಯಸ್ಸಾದ ತಾಯಿಗೆ ಮರೆವು ಸಹಜ. ಒಮ್ಮೆ ಕೇಳಿದ ಹೆಸರು ನಮಗೆ ಮರೆಯುವುದೂ ಸಹಜ. ಆದರೆ ಹುಟ್ಟಿದಾಗಿನಿಂದ ಆ ಹೆಸರಿಗೆ ಓಗೊಟ್ಟವನಿಗೆ?

ಮುಂದಿನ ಭಾನುವಾರ ಬಸವರಾಜ ಕೂರುವ ಮೊದಲೇ ಹೇಳಿದ: "ಲೇ ರಾಘ್ಯಾ, ಉಂಗುರ ವಾಪಸ್ ಕೊಡಾಕ ಹೊಂಟೀನಿ. ನನ್ನ ಹೆಸರು ನನಗ ಕೊಡು."

ರಾಘು ಕೂಡಲೇ ಒಪ್ಪಿದ. ಅದೇ ಹಾಳು ಪೇಟೆ, ಅದೇ ಕಂಬಸಾಲು, ಅದೇ ಮುದುಕ. 'ತಗೋ ನಿನ್ನ ಹೆಸರು' ಅಂತ ಹೇಳಿ ಮುಗಿಸಬೇಕು ಅಂತಲೇ ತಾನು ಬಾಯಿ ತೆರೆದದ್ದು ಎಂದು ರಾಘು ಇವತ್ತಿಗೂ ಆಣೆ ಮಾಡುತ್ತಾನೆ. ಬಂದ ಮಾತು ಬೇರೆ.

"ಅದು ಮಾರಿ ಹೋತು. ಇನ್ನೊಬ್ರು ತಗೊಂಡ್ರು."

ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ಸುಡು ಬಿಸಿಲಲ್ಲಿ ಯಾವುದೋ ಆಟೋ ಹಾರ್ನ್ ಹೊಡೆಯುತ್ತಿತ್ತು. ರಾಘು ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟ. ದಿನವಿಡೀ ಊರವರ ಬಾಯಿ ನೋಡುವವನು ತನ್ನ ಬಾಯಿಗೇ ಹೆದರಿದ್ದ.

ದಾಳ ಅಲ್ಲೇ ಬಿಟ್ಟು, ಬಸವರಾಜನ ಅವ್ವನನ್ನೇ ಕೇಳೋಣ ಅಂತ ರಾಘುವಿನ ಕಾರಿನಲ್ಲಿ ಕಂಪ್ಲಿಗೆ ಹೊರಟೆವು. ಗದ್ದೆ, ಕಬ್ಬು, ಮತ್ತೆ ಗದ್ದೆ.

ಬಸವರಾಜನ ತಾಯಿ ಇರುವುದು ದೊಡ್ಡ ಮಗನ ಮನೆಯಲ್ಲಿ. ಕಟ್ಟೆಯ ಮೇಲೆ ಪಕ್ಕದ ಮನೆಯ ಕೂಸನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತಿದ್ದರು. "ಬರ್ರಿ, ಕುಂದ್ರಿ. ಬಸವರಾಜ, ನೀರು ತಗೊಂಬಾರೋ" ಅಂದರು. ಮರೆವೇ? ಹಿಂದೊಮ್ಮೆ ಬಂದಾಗ ನಾನು ಉಟ್ಟಿದ್ದ ಸೀರೆಯ ಬಣ್ಣ, ಅದರ ಅಂಚು ಕೂಡ ಹೇಳಿದರು.

ಅಷ್ಟರಲ್ಲಿ ಕೂಸು ಅಳತೊಡಗಿತು. ಅಜ್ಜಿ ಅದರ ಗಲ್ಲ ಹಿಡಿದು, "ಯಾಕ ನನ್ನ ಅಚ್ಚಬೆಲ್ಲಾ, ಯಾಕ ಅಳ್ತಿ?" ಅಂದರು.

"ಆಂ ಅವ್ವಾ?"

ಓಗೊಟ್ಟವನು ಬಸವರಾಜ. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ.

ಅದೇ ಹೆಸರು. ಕಿವಿಗೆ ಬಿದ್ದೊಡನೆ ನೆನಪಾಯಿತು, ಅವತ್ತು ನಾವು ನಕ್ಕಿದ್ದು ಇದಕ್ಕೇ. ರಾಘು ನನ್ನ ಕಡೆ ನೋಡಲಿಲ್ಲ.

"ನಿನ್ನ ಯಾರು ಕರದ್ರೋ? ಕೂಸಿಗೆ ಅಂದೆ" ಅಂತ ಅಜ್ಜಿ ನಕ್ಕರು.

"ಅದಕ್ಕ ಯಾವಾಗಿಂದ ಹಂಗ ಕರೀತಿ ಅವ್ವಾ?"

"ಈಗೊಂದು ವಾರಾತು. ಇದರವ್ವ ತಂದು ಉಡಿಯಾಗ ಹಾಕಿದ್ಲು, ಬಾಯಿಗೆ ತಾನ ಬಂತು. ಚಂದ ಐತಿಲ್ಲ?"

ಬಸವರಾಜ ತಂಬಿಗೆ ಕೆಳಗಿಟ್ಟು ಕೂಸಿನ ಮುಂದೆ ಕೂತ. ಅದು ಅಳು ನಿಲ್ಲಿಸಿ ಅವನನ್ನೇ ನೋಡಿತು. ಆ ಹೆಸರು ನಂದು ಅಂತ ಜಗಳ ತೆಗೆಯುತ್ತಾನೇನೋ ಅಂದುಕೊಂಡೆ. ಅವನು ಅದರ ಬೆರಳು ಹಿಡಿದು, "ಭಾಳ ಚಂದ ಐತಿ. ಇರ್ಲಿ ಬಿಡು" ಅಂದ.

ಆಟ ನಿಲ್ಲಿಸಿಲ್ಲ. ರೇಟು ಮಾತ್ರ ಮತ್ತೆ ಚಿನ್ನಕ್ಕೇ ತಂದಿದ್ದೇವೆ. ಎಲ್ಲಕ್ಕೂ ದುಡ್ಡಿನಲ್ಲೇ ಬೆಲೆ ಕಟ್ಟಿದ್ದಾರೆ, ಆ ರೂಲ್ ಬುಕ್ ಬರೆದವರಿಗೆ ಕಲ್ಪನೆಯೇ ಇಲ್ಲ ಅಂತ ಮೊದಲು ಆಡಿಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ಅವರಿಗೂ ಹೀಗೇ ಏನೋ ಆಗಿರಬೇಕು.

ಅಂದ ಹಾಗೆ, ನಿಮ್ಮನ್ನು ಮನೆಯಲ್ಲಿ ಏನಂತ ಕರೀತಾರೆ? ಬೇಡ, ಗಟ್ಟಿಯಾಗಿ ಹೇಳಬೇಡಿ.