ಕಳಚಿದ ಭಾಗವನ್ನು ಕೇಳಿದವರು

ಬೀದಿಯವರೆಲ್ಲ ಅವರನ್ನು ಮಿಷನ್ ಮಾವ ಎನ್ನುತ್ತಿದ್ದರು. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಕೆಟ್ಟದ್ದು ಯಾಕೆ ಕೆಟ್ಟಿತೆಂದು ತಿಳಿಯುವವರೆಗೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೊಸ ಭಾಗ ಹಾಕಿದರೆ ಹಳೆಯದನ್ನು ಡಬ್ಬಿಯಲ್ಲಿಟ್ಟು, ಸವೆದ ಜಾಗವನ್ನು ಬೆರಳಿಟ್ಟು ತೋರಿಸಿ, ಗಿರಾಕಿಯ ಕೈಗೇ ಕೊಡುವುದು ಅವರ ಪದ್ಧತಿ. ಸವೆಯದ ಭಾಗವನ್ನು ಬದಲಿಸುವ ಮೆಕ್ಯಾನಿಕ್‌ಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತು ದಾಟಿದ ಮೇಲೆ ಮಾವನಿಗೆ ಮೂತ್ರ ಕಟ್ಟಿಕೊಳ್ಳತೊಡಗಿತು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿಗೆ ಅಡ್ಡ ಬಂದಿದೆ ಎಂದು ಡಾಕ್ಟರು ಅಡ್ಡ ಬಂದಷ್ಟನ್ನು ಮಾತ್ರ ಒಳಗಿನಿಂದಲೇ ಚೂರು ಚೂರಾಗಿ ಕೆರೆದು ತೆಗೆದರು. ಎಲ್ಲ ಮುಗಿದ ಮೇಲೆ ಮಾವ ಮೊದಲು ಕೇಳಿದ್ದು ತಮ್ಮ ಚೂರುಗಳೆಲ್ಲಿ ಎಂದು. ಡಬ್ಬಿಯನ್ನೂ ತಂದಿದ್ದರು, ಪುಣ್ಯಾತ್ಮ! ಡಾಕ್ಟರು ನಕ್ಕು, ಅವೆಲ್ಲ ಪರೀಕ್ಷೆಗೆ ಹೋಗುತ್ತವೆ, ಅದು ನಮ್ಮ ಪದ್ಧತಿ ಎಂದರು. ಪದ್ಧತಿ ಎಂದ ಮೇಲೆ ಮಾವ ಡಬ್ಬಿಯ ಮುಚ್ಚಳ ಹಾಕಿದರು.

ಯಾರೂ ಹುಡುಕದಿದ್ದದ್ದು ಆ ಚೂರುಗಳಲ್ಲಿ ಸಿಕ್ಕಿತು. ಒಂದೆರಡರಲ್ಲಿ ಕ್ಯಾನ್ಸರ್ ಇತ್ತು. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ ಕಾದು ನೋಡಬಹುದು, ಇಲ್ಲವೇ ಉಳಿದ ಗ್ರಂಥಿಯನ್ನು ಪೂರ್ತಿ ತೆಗೆಸಬಹುದು ಎಂದರು ಡಾಕ್ಟರು. ತೆಗೆಸಿದರೆ ಮೂತ್ರ ಸೋರಬಹುದು, ಗಂಡಸುತನಕ್ಕೂ ಪೆಟ್ಟು ಬೀಳಬಹುದು ಎಂಬುದನ್ನು ಮುಚ್ಚಿಡಲಿಲ್ಲ. ಮಾವನಿಗೆ ಕಾಯುವುದೇ ಇಷ್ಟ. ಓಡುತ್ತಿರುವ ಯಂತ್ರವನ್ನು ಯಾರಾದರೂ ಬಿಚ್ಚುತ್ತಾರೆಯೇ? ಆದರೆ ಹೆಂಡತಿ ಪಟ್ಟು ಹಿಡಿದರು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನನ್ನಿಂದ ಮಲಗಲಾಗದು ಎಂದು ಊಟ ಬಿಟ್ಟರು. ಮಾವ ಒಪ್ಪಿದರು.

ಎರಡನೇ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮೂತ್ರ ಹೋಗಲು ಹಾಕಿದ್ದ ನಳಿಕೆ ತೆಗೆದ ಮೇಲೆ ಸೋರಿಕೆ ಶುರುವಾಯಿತು. ಕೆಮ್ಮಿದರೆ ಒದ್ದೆ, ನಕ್ಕರೆ ಒದ್ದೆ. ಮಾವ ಹೆಂಡತಿಗೆ ಸುಳಿವು ಕೊಡಲಿಲ್ಲ. ತಮ್ಮ ಬಟ್ಟೆಯನ್ನು ಅಂಗಡಿಯ ಹಿಂದೆ ತಾವೇ ಒಗೆದು ಒಣಗಿಸಿದರು, ತಮಾಷೆಯ ಗಿರಾಕಿಗಳನ್ನು ಬೇಗ ಸಾಗಹಾಕಿದರು. ತಿಳಿದರೆ ಅವಳು ಎಲ್ಲ ತನ್ನಿಂದಲೇ ಆಯಿತೆಂದು ಕೊರಗುತ್ತಾಳೆ ಎಂಬುದೊಂದೇ ಅವರ ಭಯ.

ಕೆಲವು ವಾರಗಳ ನಂತರ ಒಬ್ಬರೇ ಆಸ್ಪತ್ರೆಗೆ ಹೋದರು. ತೆಗೆದ ಗ್ರಂಥಿಯನ್ನೆಲ್ಲ ಸೀಳಿ ನೋಡಿದರೂ ಕ್ಯಾನ್ಸರ್ ಕಾಣಲಿಲ್ಲ, ಇದ್ದದ್ದೆಲ್ಲ ಮೊದಲ ಸಲವೇ ಹೋಗಿರಬೇಕು ಎಂದರು ಡಾಕ್ಟರು. ಗುಡ್ಡ ಅಗೆದರೂ ಇಲಿ ಸಿಗಲಿಲ್ಲ!

"ಹಾಗಾದ್ರೆ ಒಳ್ಳೇ ಭಾಗಾನೇ ತೆಗೆದ್ರಾ ಡಾಕ್ಟ್ರೇ?"

"ತೆಗೆದು ನೋಡೋವರೆಗೂ ಅದು ಒಳ್ಳೇದು ಅಂತ ಹೇಳೋಕೆ ಆಗ್ತಿರ್ಲಿಲ್ಲ."

ಸೋರಿಕೆ ವ್ಯಾಯಾಮದಿಂದ ಕಡಿಮೆಯಾಗುವ ಸಂಭವವೇ ಹೆಚ್ಚು, ಗಂಡಸುತನದ ಬಗ್ಗೆ ಮಾತು ಕೊಡಲಾಗದು ಎಂದೂ ಹೇಳಿದರು. ಮಾವನಿಗೆ ಸಿಟ್ಟು ಬರಲಿಲ್ಲ, ತಲೆಯೊಳಗೆ ಹುಳ ಹೊಕ್ಕಿತು. ಬಿಟ್ಟಿದ್ದರೆ ಏನಾಗುತ್ತಿತ್ತು?

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕ್ಯಾನ್ಸರ್ ಇತ್ತಂತೆ, ತೆಗೆಸಿದ್ದು ಒಳ್ಳೆಯದಾಯಿತು ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸವೆಯದ್ದನ್ನು ಸವೆದಿದೆ ಎಂದು ಹೇಳಿ ಅಭ್ಯಾಸವಿಲ್ಲ. ಕೂತು, ಸೋರಿಕೆಯೊಂದನ್ನು ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದರು.

"ಅಂದ್ರೆ, ನಾನು ಸುಮ್ಸುಮ್ನೆ ನಿಮ್ಮನ್ನ ಕೊಯ್ಸಿದ್ನಾ?" ಎಂದು ಕೇಳಿದರು ಹೆಂಡತಿ.

"ಗೊತ್ತಿಲ್ಲ ಕಣೆ. ದಾರಿಯುದ್ದಕ್ಕೂ ನಾನೂ ಅದನ್ನೇ ಯೋಚಿಸ್ತಾ ಬಂದೆ. ಗೊತ್ತಾಗ್ಬೇಕಿದ್ರೆ ಕೊಯ್ಸಿಕೊಳ್ಳದೇ ಇರೋ ಇನ್ನೊಬ್ಬ ನಾನು ಇರ್ಬೇಕಿತ್ತು."

ಹೆಂಡತಿ ಕಣ್ಣೊರೆಸಿಕೊಂಡು, "ಬೇಡಪ್ಪ, ಈ ಒಬ್ಬರ ಜೊತೆ ಏಗೋದೇ ಸಾಕಾಗಿದೆ" ಎಂದರು.

ಮಾವ ಮೈಮರೆತು ಗಹಗಹಿಸಿ ನಕ್ಕುಬಿಟ್ಟರು. ತೊಡೆ ಬಿಸಿಯಾಯಿತು. ಬಚ್ಚಲಿಗೆ ಓಡಲು ಅರ್ಧ ಎದ್ದವರು, ಯಾಕೋ ಹಾಗೇ ನಿಂತರು.

"ಒದ್ದೆಯಾಯ್ತು. ಆವತ್ತಿಂದ ಹೀಗೇ. ಒಂದು ಪೈಜಾಮ ಕೊಡ್ತೀಯಾ?"

ಹೆಂಡತಿ ಒಳಗೆ ಹೋಗಿ ಪೈಜಾಮ ತಂದರು. ಕೊಟ್ಟು ಹೊರಟುಹೋಗಲಿಲ್ಲ, ಗಂಡ ಕಾಲು ಬದಲಿಸುವಾಗ ಹಿಡಿದುಕೊಳ್ಳಲೆಂದು ಭುಜ ಕೊಟ್ಟು ನಿಂತರು.